ಪೋಕರ್‌ನಲ್ಲಿ ನನಗೆ ದುಡ್ಡು ಬಂದದ್ದು ಎಲ್ಲಿಂದ? ಎಂಟು ವರ್ಷದ ಲೆಕ್ಕ ಇಲ್ಲಿಡುತ್ತಿದ್ದೇನೆ

ಅರಸೀಕೆರೆ ಪ್ಯಾಸೆಂಜರ್

ಎಲ್ಲರಿಗೂ ನಮಸ್ಕಾರ. ಇಲ್ಲಿ ನಾಲ್ಕೈದು ವರ್ಷದಿಂದ ಓದುತ್ತಿದ್ದೇನೆ, ಬರೆದದ್ದು ಕಡಿಮೆ. ಹೋದ ವಾರ ಒಬ್ಬ ಹುಡುಗ ‘ಇಂಜಿನಿಯರಿಂಗ್ ಓದ್ತಾ ಪೋಕರ್ ಆಡಿ ದುಡಿಯಬಹುದಾ’ ಅಂತ ಕೇಳಿದ್ದ. ಕೆಲವರು ‘ಅದು ಜೂಜು, ಹಾಳಾಗ್ತೀಯ’ ಅಂದರು. ಕೆಲವರು ‘ಸ್ಕಿಲ್ ಗೇಮ್, ಧೈರ್ಯವಾಗಿ ಆಡು’ ಅಂದರು. ಎರಡೂ ಅರ್ಧ ಉತ್ತರ.

ನಾನು 2017ರಿಂದ 2025ರ ಆಗಸ್ಟ್‌ವರೆಗೆ ಇದರಲ್ಲೇ ಇದ್ದೆ. ಸ್ವಂತ ದುಡ್ಡಲ್ಲಿ ಆಡಿದ್ದೇನೆ, ಬೇರೆಯವರ ದುಡ್ಡಲ್ಲಿ ಆಡಿದ್ದೇನೆ, ಬೇರೆಯವರಿಗೆ ದುಡ್ಡು ಹಾಕಿ ಆಡಿಸಿದ್ದೇನೆ. ಕಲಿಸಿದ್ದೇನೆ. ಕಮಿಷನ್‌ಗೆ ಜನ ಸೇರಿಸಿದ್ದೇನೆ. ಕೊನೆಗೆ ಒಂದು ಕಂಪನಿಯಲ್ಲಿ ಸಂಬಳಕ್ಕೂ ಇದ್ದೆ.

ಶುರುವಾದದ್ದು ಮೈಸೂರಿನ ಹಾಸ್ಟೆಲ್‌ನಲ್ಲಿ, ಮೂರನೇ ಸೆಮ್. ಸೀನಿಯರ್ ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಒಂದೇ ಸಲ ನಾಲ್ಕು ಟೇಬಲ್ ತೆರೆದಿದ್ದವು. ನಾನು ಊರಲ್ಲಿ ಹೊಸತೊಡಕಿನ ದಿನ ಅಂದರ್ ಬಾಹರ್ ನೋಡಿ ಬೆಳೆದವನು. ಅಲ್ಲಿ ಎಲೆ ಬೀಳುವವರೆಗೆ ಕಾಯುವುದು ಬಿಟ್ಟು ಮಾಡಲು ಏನೂ ಇಲ್ಲ. ಇಲ್ಲಿ ಈ ಮನುಷ್ಯ ಹತ್ತರಲ್ಲಿ ಎಂಟು ಸಲ ಎಲೆ ಬಿಸಾಕಿ ಸುಮ್ನೆ ಕೂತಿದ್ದರು. ‘ಯಾಕೆ ಆಡ್ತಿಲ್ಲ?’ ಅಂದೆ. ‘ಇದೇ ಆಟ’ ಅಂದರು. ಆ ಮಾತು ನನ್ನನ್ನು ಹಿಡಿದುಕೊಂಡಿತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಪ್ರತಿಯೊಬ್ಬರ ಕೈಗೆ ಎರಡು ಎಲೆ, ಮಧ್ಯದಲ್ಲಿ ಎಲ್ಲರಿಗೂ ಸೇರಿದ ಐದು ಎಲೆ. ಏಳರಲ್ಲಿ ಒಳ್ಳೆಯ ಐದನ್ನು ಜೋಡಿಸಿಕೊಳ್ಳಬೇಕು. ಎದುರಿನವನು ಹೆದರಿ ಎಲೆ ಬಿಟ್ಟರೆ ನಿಮ್ಮ ಕೈಲಿ ಏನೂ ಇಲ್ಲದಿದ್ದರೂ ಗೆದ್ದ ಹಾಗೆ. ಮೊದಲ ಎರಡು ಎಲೆ 1,326 ಬಗೆಯಲ್ಲಿ ಬರಬಹುದು. ಒಂದು ಸಲ ಎಲೆ ಹಂಚಿ ಆಡುವುದಕ್ಕೆ ಒಂದು ಕೈ ಅನ್ನುತ್ತಾರೆ. ಎರಡೂ ಎಕ್ಕ ಬರುವುದು ಸರಾಸರಿ 221 ಕೈಗೆ ಒಂದು ಸಲ. ಎಕ್ಕದ ಜೋಡಿ ಮತ್ತು ರಾಜನ ಜೋಡಿ ಎದುರುಬದುರಾದರೆ ಎಕ್ಕ ಗೆಲ್ಲುವುದು 100ಕ್ಕೆ ಸುಮಾರು 82 ಸಲ. ಉಳಿದ 18 ಸಲ ಮನುಷ್ಯ ಏನು ಮಾಡುತ್ತಾನೆ ಅನ್ನುವುದರ ಮೇಲೆ ತುಂಬಾ ಜನರ ಬದುಕು ನಿಂತಿದೆ.

ಮೊದಲ ಎರಡು ತಿಂಗಳು ನಾನು ಒಂದು ರೂಪಾಯಿಯೂ ಹಾಕಲಿಲ್ಲ. ಫ್ರೀರೋಲ್ ಅಂತ ಇರುತ್ತಿದ್ದವು, ಎಂಟ್ರಿ ಫೀ ಇಲ್ಲದ ಟೂರ್ನಮೆಂಟ್. ಒಂದು ರಾತ್ರಿ 3 ಗಂಟೆವರೆಗೆ ಕೂತು 420 ರೂಪಾಯಿ ಗೆದ್ದೆ. ಅದನ್ನು 1-2 ರೂಪಾಯಿ ಬ್ಲೈಂಡ್ ಟೇಬಲ್‌ಗೆ ತೆಗೆದುಕೊಂಡು ಹೋದೆ. ಬ್ಲೈಂಡ್ ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಹಾಕುವ ದುಡ್ಡು, ಅದರಲ್ಲಿ ದೊಡ್ಡದು ಬಿಗ್ ಬ್ಲೈಂಡ್. ಅಲ್ಲಿ ಒಂದು ಸಲ ಕೂರಲು 200 ರೂಪಾಯಿ. 30 ಸಲ ಕೂರುವಷ್ಟು ದುಡ್ಡು ಇಲ್ಲದೆ ಯಾವ ಟೇಬಲ್ಲನ್ನೂ ಮುಟ್ಟಬೇಡ ಅಂತ ಸೀನಿಯರ್ ಹೇಳಿದ್ದರು. ನನ್ನ ಹತ್ತಿರ ಇದ್ದದ್ದು ಎರಡು ಸಲಕ್ಕೆ. ಆವತ್ತು ಅದೃಷ್ಟ ಚೆನ್ನಾಗಿತ್ತು, ಅಷ್ಟೇ. ಆಮೇಲೆ ಆ ನಿಯಮವನ್ನು ಯಾವತ್ತೂ ಮುರಿಯಲಿಲ್ಲ. ಐದನೇ ಸೆಮ್ ಮುಗಿಯುವಾಗ ಅಕೌಂಟ್‌ನಲ್ಲಿ 1.8 ಲಕ್ಷ ಇತ್ತು. ಎರಡು ಸಬ್ಜೆಕ್ಟ್ ಬ್ಯಾಕ್ ಉಳಿದಿತ್ತು. ಅಪ್ಪನಿಗೆ ಎರಡನೆಯದು ಮಾತ್ರ ಗೊತ್ತಿತ್ತು.

ಈಗ ಒಟ್ಟು ಲೆಕ್ಕ. ಎಂಟು ವರ್ಷದಲ್ಲಿ ಸ್ವಂತ ಆಟದಿಂದ ಬಂದದ್ದು 6.4 ಲಕ್ಷ. ಕಲಿಸಿದ್ದಕ್ಕೆ 3.2 ಲಕ್ಷ. ಬೇರೆ ಆಟಗಾರರ ಮೇಲೆ ದುಡ್ಡು ಹಾಕಿ ಕಳೆದದ್ದು 1.1 ಲಕ್ಷ. ಪೋಕರ್ ಸೈಟ್‌ಗೆ ಜನ ಸೇರಿಸಿದ ಕಮಿಷನ್ 9.7 ಲಕ್ಷ. ಆಡಿ ಗೆದ್ದದ್ದಕ್ಕಿಂತ ಜನ ಸೇರಿಸಿದ್ದರಿಂದ ಬಂದದ್ದೇ ಜಾಸ್ತಿ. ಇದನ್ನು ಹೇಳಲಿಕ್ಕೇ ಬರೆಯಲು ಕೂತದ್ದು.

ಗಣಿತದ ಮೇಷ್ಟ್ರು

ಲೆಕ್ಕವನ್ನು ಹೀಗೆ ಬಿಚ್ಚಿ ಇಟ್ಟದ್ದಕ್ಕೆ ಧನ್ಯವಾದ. ನಾನು ಡಿಗ್ರಿ ಕಾಲೇಜಿನಲ್ಲಿ ಸಂಭವನೀಯತೆ ಪಾಠ ಮಾಡುತ್ತೇನೆ. ‘ಸ್ಕಿಲ್ಲೋ ಅದೃಷ್ಟವೋ’ ಅನ್ನುವ ಜಗಳ ಬಂದಾಗಲೆಲ್ಲ ಬೋರ್ಡ್ ಮೇಲೆ ಒಂದು ಲೆಕ್ಕ ಮಾಡಿಸುತ್ತೇನೆ.

ಒಬ್ಬ ನಿಜಕ್ಕೂ ಒಳ್ಳೆಯ ಆಟಗಾರ ಅಂದುಕೊಳ್ಳಿ. 100 ಕೈಗೆ ಸರಾಸರಿ 5 ಬಿಗ್ ಬ್ಲೈಂಡ್ ಗೆಲ್ಲುತ್ತಾನೆ. ಇದು ತುಂಬಾ ಒಳ್ಳೆಯ ದರ. ಆದರೆ ಪ್ರತಿ 100 ಕೈಗೆ ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, ಸುಮಾರು 90 ಬಿಗ್ ಬ್ಲೈಂಡ್ ಇರುತ್ತದೆ. 10,000 ಕೈ ಆಡಿದರೆ ಅವನಿಗೆ ಬರಬೇಕಾದದ್ದು 500, ಏರಿಳಿತ 900. ಅಂದರೆ ಅಷ್ಟು ಆಡಿದ ಮೇಲೂ ಇಂಥ ಹತ್ತು ಜನರಲ್ಲಿ ಸುಮಾರು ಮೂರು ಜನ ನಷ್ಟದಲ್ಲೇ ಇರುತ್ತಾರೆ. 1 ಲಕ್ಷ ಕೈ ಆಡಿದರೆ ನಷ್ಟದ ಸಾಧ್ಯತೆ 100ಕ್ಕೆ ಸುಮಾರು 4ಕ್ಕೆ ಇಳಿಯುತ್ತದೆ.

ಇದನ್ನೇ ತಿರುಗಿಸಿ ನೋಡಿ. ನಿಧಾನವಾಗಿ ಸೋಲುತ್ತಿರುವವನಿಗೂ ಮೊದಲ 10,000 ಕೈಯಲ್ಲಿ ಲಾಭ ಕಾಣಬಹುದು. ಒಂದು ಸೆಮಿಸ್ಟರ್ ಪೂರ್ತಿ ‘ನನಗೆ ಬರುತ್ತೆ’ ಅಂದುಕೊಂಡೇ ಇರಬಹುದು. ಸ್ಕಿಲ್ ಇದೆ ಅನ್ನುವುದು ಸತ್ಯ. ಅದು ನಿಮ್ಮಲ್ಲಿ ಇದೆಯೋ ಇಲ್ಲವೋ ತಿಳಿಯುವಷ್ಟರಲ್ಲಿ ಫೀಸ್ ಕಟ್ಟುವ ದಿನ ಬಂದಿರುತ್ತದೆ.

ಇನ್ನೊಂದು. 2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರೇಟಸ್ ಅನ್ನುವ ಪ್ರೋಗ್ರಾಂ ನಾಲ್ವರು ವೃತ್ತಿಪರರ ಎದುರು 20 ದಿನ, 1,20,000 ಕೈ ಆಡಿ ಗೆದ್ದಿತು. 2019ರಲ್ಲಿ ಪ್ಲೂರಿಬಸ್ ಆರು ಜನರ ಟೇಬಲ್‌ನಲ್ಲೂ ಗೆದ್ದಿತು. ಈಗಿನ ಹುಡುಗರು 2005ರಲ್ಲಿ ಅಮೆರಿಕದ ವಿದ್ಯಾರ್ಥಿಗಳು ಆಡಿದ ಆಟವನ್ನು ಆಡುತ್ತಿಲ್ಲ. ಎದುರಿಗೆ ಕೂತವನ ಪಕ್ಕದ ಸ್ಕ್ರೀನ್‌ನಲ್ಲಿ ಏನಿದೆ ಅಂತ ಯಾರಿಗೂ ಕಾಣುವುದಿಲ್ಲ.

ಹೊಸತೊಡಕು ಮಂಡ್ಯ

ನಮ್ಮ ಕಡೆ ಯುಗಾದಿ ಮಾರನೇ ದಿನ ಬಾಡೂಟ ಆದಮೇಲೆ ಇಸ್ಪೀಟು ಬಿಚ್ಚೋದು ಇದ್ದದ್ದೇ. ಆಲದ ಮರದ ಕೆಳಗೆ ಚಾಪೆ ಹಾಸಿ ಕೂತರೆ ದುಡ್ಡು ಅವನಿಂದ ಇವನಿಗೆ, ಇವನಿಂದ ಅವನಿಗೆ ಸುತ್ತುತ್ತೆ. ಊರಿನ ದುಡ್ಡು ಊರಲ್ಲೇ. ಆದರೆ ತೋಟದ ಮನೇಲಿ ಆಡಿದರೆ ಬೇರೆ. ಜಾಗ ಕೊಟ್ಟವನು ಪ್ರತಿ ಆಟಕ್ಕೆ ಇಷ್ಟು ಅಂತ ತೆಗೆದಿಡ್ತಾನೆ. ಬೆಳಗಾಗೋ ಹೊತ್ತಿಗೆ ಎಲ್ಲರೂ ‘ನಾನು ಸೋತೆ’ ಅಂತಾರೆ. ಗೆದ್ದವನು ಎಲ್ಲಿ ಅಂತ ಹುಡುಕಿದರೆ ಜಾಗ ಕೊಟ್ಟವನು. ಆನ್‌ಲೈನಲ್ಲೂ ಇದೇನಾ ಸ್ವಾಮಿ?

ಅರಸೀಕೆರೆ ಪ್ಯಾಸೆಂಜರ್

ಅದೇ. ಅದರ ಹೆಸರು ರೇಕ್. ಸಾಮಾನ್ಯವಾಗಿ ಪಾಟ್‌ನಲ್ಲಿ, ಅಂದರೆ ಒಂದು ಕೈಯಲ್ಲಿ ಎಲ್ಲರೂ ಕಟ್ಟಿದ ಒಟ್ಟು ದುಡ್ಡಿನಲ್ಲಿ, 100ಕ್ಕೆ 5ರ ಆಸುಪಾಸು. ಕೇಳಲು ಚಿಕ್ಕದು. ಲೆಕ್ಕ ಹಾಕಿ ನೋಡಿ.

5-10 ರೂಪಾಯಿ ಬ್ಲೈಂಡ್ ಟೇಬಲ್. ಆರು ಜನ ತಲಾ 1,000 ತಂದು ಕೂತರು. ಟೇಬಲ್ ಮೇಲೆ ಒಟ್ಟು 6,000. ಒಂದು ಕೈಗೆ ಸರಾಸರಿ 5 ರೂಪಾಯಿ ರೇಕ್ ಹೋಗುತ್ತೆ ಅಂದುಕೊಳ್ಳಿ. ಆನ್‌ಲೈನ್‌ನಲ್ಲಿ ಎಲೆ ಕಲಸುವ ಕೆಲಸ ಇಲ್ಲ, ಗಂಟೆಗೆ 75 ಕೈ ಆಗುತ್ತೆ. ಗಂಟೆಗೆ 375 ರೂಪಾಯಿ. ಆರೂ ಜನ ಸರಿಸಮ ಆಟಗಾರರಾದರೆ 16 ಗಂಟೆಗೆ ಟೇಬಲ್ ಮೇಲಿನ 6,000 ಪೂರ್ತಿ ಖಾಲಿ. ಯಾರೂ ಮೋಸ ಮಾಡಿಲ್ಲ, ಯಾರೂ ಕೆಟ್ಟದಾಗಿ ಆಡಿಲ್ಲ.

ಹಾಗಾಗಿ ಟೇಬಲ್ ಬದುಕಬೇಕಾದರೆ ಹೊಸ ದುಡ್ಡು ಬರುತ್ತಲೇ ಇರಬೇಕು. ಹೊಸ ದುಡ್ಡು ಅಂದರೆ ಹೊಸ ಹುಡುಗರು. ಅವರನ್ನು ಕರೆದುಕೊಂಡು ಬರುವವನಿಗೆ ಸೈಟ್ ಸಂತೋಷವಾಗಿ ಪಾಲು ಕೊಡುತ್ತದೆ. ನಾನು ಆ ಕೆಲಸಕ್ಕೆ ಸೇರಿದೆ.

ಮ್ಯಾಡಿಸನ್ ಕನ್ನಡಿಗ

ನಾನಿರುವ ಊರಿನ ಯೂನಿವರ್ಸಿಟಿಯಲ್ಲಿ ಓದಿದ ಒಬ್ಬರ ಕಥೆ ಇಲ್ಲಿ ಸರಿಯಾಗಿ ಕೂರುತ್ತದೆ. ಫಿಲ್ ಗಾಲ್ಫಾಂಡ್, ಅಮೆರಿಕದ ಹೆಸರಾಂತ ಪೋಕರ್ ಆಟಗಾರ. ಹೊಸ ಹುಡುಗರು ಅವರ ವಿಡಿಯೋ ನೋಡಿಯೇ ಈ ಕಡೆ ಬರುತ್ತಾರೆ, ಆದರೆ ಪೂರ್ತಿ ಕಥೆ ಕೇಳಿರುವುದಿಲ್ಲ.

ವಿಸ್ಕಾನ್ಸಿನ್ ಯೂನಿವರ್ಸಿಟಿಯಲ್ಲಿ ಫಿಲಾಸಫಿ ಓದುತ್ತಿದ್ದವರು. 50 ಡಾಲರ್ ಹಾಕಿ ಸಿಟ್ ಅಂಡ್ ಗೋ, ಅಂದರೆ ಜನ ತುಂಬಿದ ತಕ್ಷಣ ಶುರುವಾಗುವ ಸಣ್ಣ ಟೂರ್ನಮೆಂಟ್‌ಗಳಿಂದ ಶುರು ಮಾಡಿದರು. ಆಗಿನ ಕಾಲ ಬೇರೆ. 2003ರಲ್ಲಿ ಕ್ರಿಸ್ ಮನಿಮೇಕರ್ ಅನ್ನುವ ಅಕೌಂಟೆಂಟ್ ಆನ್‌ಲೈನ್‌ನಲ್ಲಿ ಅರ್ಹತೆ ಪಡೆದು, ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಟೂರ್ನಮೆಂಟ್‌ನಲ್ಲಿ 838 ಜನರನ್ನು ದಾಟಿ 25 ಲಕ್ಷ ಡಾಲರ್ ಗೆದ್ದಿದ್ದರು. ಅದೇ ಮುಖ್ಯ ಟೂರ್ನಮೆಂಟ್‌ಗೆ 2006ರಲ್ಲಿ 8,773 ಜನ ಬಂದರು. ಆಡಲು ಬಾರದವರ ದುಡ್ಡು ಹೊಳೆಯಾಗಿ ಹರಿಯುತ್ತಿತ್ತು. ಗಾಲ್ಫಾಂಡ್ 2006ರಲ್ಲಿ ಡಿಗ್ರಿ ಮುಗಿಯಲು ಸ್ವಲ್ಪ ಇರುವಾಗಲೇ ಕಾಲೇಜು ಬಿಟ್ಟರು. 2008ರಲ್ಲಿ ವರ್ಲ್ಡ್ ಸೀರೀಸ್‌ನ ಒಂದು ಟೂರ್ನಮೆಂಟ್‌ನಲ್ಲಿ 8,17,781 ಡಾಲರ್ ಗೆದ್ದರು.

ಆಮೇಲೆ 2011ರ ಏಪ್ರಿಲ್ 15. ಅಮೆರಿಕದ ನ್ಯಾಯ ಇಲಾಖೆ ದೊಡ್ಡ ಸೈಟ್‌ಗಳ ಮೇಲೆ ಒಂದೇ ದಿನ ಕೇಸ್ ಹಾಕಿ ಅಮೆರಿಕನ್ನರಿಗೆ ಬಾಗಿಲು ಮುಚ್ಚಿಸಿತು. ಪೋಕರ್ ಆಡುವವರು ಅದನ್ನು ಬ್ಲ್ಯಾಕ್ ಫ್ರೈಡೇ ಅನ್ನುತ್ತಾರೆ. ಫುಲ್ ಟಿಲ್ಟ್ ಅನ್ನುವ ಸೈಟ್ ಆಟಗಾರರಿಗೆ ಕೊಡಬೇಕಾದದ್ದು 39 ಕೋಟಿ ಡಾಲರ್, ಬ್ಯಾಂಕಿನಲ್ಲಿದ್ದದ್ದು 6 ಕೋಟಿ ಅಂತ ಸರ್ಕಾರ ಕೋರ್ಟಿನಲ್ಲಿ ಹೇಳಿತು. ಅಮೆರಿಕದ ಆಟಗಾರರ ಕೈಗೆ ದುಡ್ಡು ವಾಪಸ್ ಬರಲು ಶುರುವಾದದ್ದು 2014ರಲ್ಲಿ. ಸ್ಕ್ರೀನ್ ಮೇಲೆ ನಿಮ್ಮ ಹೆಸರಿನ ಮುಂದೆ ಕಾಣುವ ಅಂಕಿ ನಿಮ್ಮ ದುಡ್ಡಲ್ಲ ಅಂತ ಸಾವಿರಾರು ಜನ ಆವತ್ತು ಕಲಿತರು.

ಗಾಲ್ಫಾಂಡ್ ಕೆನಡಾಕ್ಕೆ ಹೋಗಿ ಆಡಿದರು. 2012ರಲ್ಲಿ ರನ್ ಇಟ್ ಒನ್ಸ್ ಅಂತ ತರಬೇತಿ ಸೈಟ್ ತೆರೆದರು, ಅದು ನಿಂತಿತು. ಆಮೇಲೆ ಆಟಗಾರರಿಗೆ ನ್ಯಾಯವಾಗಿರುವ ಪೋಕರ್ ಸೈಟ್ ಕಟ್ಟುತ್ತೇನೆ ಅಂತ ಹೊರಟರು. 2019ರ ಫೆಬ್ರವರಿಯಲ್ಲಿ ಶುರುವಾಯಿತು, 2022ರ ಜನವರಿಯಲ್ಲಿ ಮುಚ್ಚಿತು. ಅದರ ತಂತ್ರಜ್ಞಾನ 58 ಲಕ್ಷ ಡಾಲರ್‌ಗೆ ಬೇರೆ ಕಂಪನಿಗೆ ಹೋಯಿತು. ಇಷ್ಟು ಹೆಸರು, ಇಷ್ಟು ಅನುಭವ ಇದ್ದವರಿಗೂ ಮೂರು ವರ್ಷ ದಾಟಿಸಲು ಆಗಲಿಲ್ಲ.

ನನಗೆ ಮನಸ್ಸಿನಲ್ಲಿ ಉಳಿದದ್ದು 2020ರ ಅವರ ಒಂದು ಪಂದ್ಯ. ಒಬ್ಬನೇ ಎದುರಾಳಿಯ ಜೊತೆ 25,000 ಕೈ. ಮಧ್ಯದಲ್ಲಿ 9 ಲಕ್ಷ ಯೂರೋ ಸೋತಿದ್ದರು. ನಿಲ್ಲಿಸಿ, ಕೆಲವು ವಾರ ಬಿಡುವು ತೆಗೆದುಕೊಂಡು, ಮತ್ತೆ ಕೂತು, ಕೊನೆಗೆ 1,671 ಯೂರೋ ಮುಂದೆ ಬಂದು ಗೆದ್ದರು. ಎಲ್ಲರೂ ಗೆಲುವಿನ ಬಗ್ಗೆ ಮಾತಾಡುತ್ತಾರೆ. 9 ಲಕ್ಷ ಹೋದಾಗ ನಿಲ್ಲಿಸಲು ಅವರ ಹತ್ತಿರ ಇನ್ನೂ ದುಡ್ಡಿತ್ತು, ಸಮಯವಿತ್ತು. ಹಾಸ್ಟೆಲ್ ಹುಡುಗನಿಗೆ 9,000 ಹೋದರೆ ಆ ಬಿಡುವು ಇರುವುದಿಲ್ಲ.

ಅರಸೀಕೆರೆ ಪ್ಯಾಸೆಂಜರ್

ತುಂಬಾ ಚೆನ್ನಾಗಿ ಬರೆದಿದ್ದೀರಿ. ನಮ್ಮ ರೂಮಿನಲ್ಲಿ ಅವರ ವಿಡಿಯೋ ಹಾಕಿಕೊಂಡು ನೋಟ್ಸ್ ಮಾಡುತ್ತಿದ್ದೆವು.

ಇದರ ಜೊತೆ ನಮ್ಮ ದೇಶದ ಒಂದು ಹೆಸರು ಸೇರಿಸುತ್ತೇನೆ. ಅನುರಾಗ್ ದೀಕ್ಷಿತ್, ದೆಹಲಿ ಐಐಟಿಯಲ್ಲಿ ಓದಿದವರು. ಪಾರ್ಟಿಪೋಕರ್ ಅನ್ನುವ ಆನ್‌ಲೈನ್ ಪೋಕರ್ ಸೈಟ್‌ನ ಸಾಫ್ಟ್‌ವೇರ್ ಬರೆದವರು. ಹೈದರಾಬಾದಿನಲ್ಲಿ ದೊಡ್ಡ ಆಫೀಸ್ ಇತ್ತು. 2005ರ ಜೂನ್‌ನಲ್ಲಿ ಕಂಪನಿ ಲಂಡನ್ ಷೇರುಪೇಟೆಗೆ ಬಂದಾಗ ಡಾಲರ್ ಲೆಕ್ಕದಲ್ಲಿ ಶತಕೋಟ್ಯಧಿಪತಿ ಆದರು. 2008ರಲ್ಲಿ ಅಮೆರಿಕದ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು 30 ಕೋಟಿ ಡಾಲರ್ ಕಟ್ಟಲು ಒಪ್ಪಿದರು. ಆಡಿದವರಿಗಿಂತ ಟೇಬಲ್ ಹಾಕಿಕೊಟ್ಟವರಿಗೆ ದುಡ್ಡು ಹೇಗೆ ಬರುತ್ತೆ ಅಂತ ನನಗೆ ಅರ್ಥವಾದದ್ದು ಇವರ ಬಗ್ಗೆ ಓದಿದ ಮೇಲೆ. ಆಗ ನನಗೆ ಅದು ಎಚ್ಚರಿಕೆ ಅನ್ನಿಸಲಿಲ್ಲ, ದಾರಿ ಅನ್ನಿಸಿತು.

ಈಗ ಆಟದ ಸುತ್ತ ಇರುವ ವ್ಯವಹಾರಗಳ ಬಗ್ಗೆ. ಸ್ಟೇಕಿಂಗ್ ಅಂದರೆ ಒಬ್ಬರು ದುಡ್ಡು ಹಾಕುತ್ತಾರೆ, ಇನ್ನೊಬ್ಬ ಆಡುತ್ತಾನೆ, ಲಾಭ ಅರ್ಧ ಅರ್ಧ. ನಷ್ಟ ಆದರೆ? ಅದಕ್ಕೆ ಮೇಕಪ್ ಅನ್ನುತ್ತಾರೆ. ಈ ತಿಂಗಳು 50,000 ಸೋತೆ ಅಂದರೆ ಅದು ನನ್ನ ಹೆಸರಲ್ಲಿ ನಿಲ್ಲುತ್ತದೆ. ಮುಂದಿನ ತಿಂಗಳು 70,000 ಗೆದ್ದರೆ ಮೊದಲು 50,000 ದುಡ್ಡು ಹಾಕಿದವರಿಗೆ, ಉಳಿದ 20,000ದಲ್ಲಿ ನನಗೆ 10,000. ಎರಡು ತಿಂಗಳ ರಾತ್ರಿ ನಿದ್ದೆಗೆ 10,000. ಮೇಕಪ್ ಜಾಸ್ತಿಯಾದಾಗ ಹುಡುಗರು ಫೋನ್ ತೆಗೆಯುವುದು ನಿಲ್ಲಿಸುತ್ತಾರೆ. ನನ್ನ 1.1 ಲಕ್ಷ ಹೋದದ್ದು ಹಾಗೆ. ಅವರ ಮೇಲೆ ನನಗೆ ಕೋಪ ಇಲ್ಲ. ಪ್ರತಿ ದಿನ ಸಾಲ ತೀರಿಸಲು ಆಡುವುದು ಏನು ಅಂತ ನಾನೂ ಅನುಭವಿಸಿದ್ದೇನೆ.

ಕೋಚಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ರಾಮಾಣಿಕವಾಗಿ ಕಲಿಸಿದೆ. ನಾಲ್ಕೈದು ಜನ ಚೆನ್ನಾಗಿ ಕಲಿತರು.

ಕಮಿಷನ್ ವಿಷಯಕ್ಕೆ ಬರುತ್ತೇನೆ. 2018ರ ಕೊನೆಗೆ ಒಂದು ಸೈಟ್ ನನಗೆ ಕೋಡ್ ಕೊಟ್ಟಿತು. ಆ ಕೋಡ್ ಹಾಕಿ ಸೇರಿದವರು ಕಟ್ಟುವ ರೇಕ್‌ನಲ್ಲಿ 100ಕ್ಕೆ 30 ನನಗೆ, ಅವರು ಆಡುವವರೆಗೂ. ಪ್ರತಿ ತಿಂಗಳು 5ನೇ ತಾರೀಕು ಡ್ಯಾಶ್‌ಬೋರ್ಡ್ ಅಪ್‌ಡೇಟ್ ಆಗುತ್ತಿತ್ತು. ಎಡಗಡೆ ಆಟಗಾರನ ಐಡಿ. ಪಕ್ಕದಲ್ಲಿ ಡಿಪಾಸಿಟ್. ಆಮೇಲೆ ರೇಕ್. ಕೊನೆಗೆ ನನ್ನ ಪಾಲು, ಹಸಿರು ಬಣ್ಣದಲ್ಲಿ. ಆ ಹುಡುಗ ಗೆದ್ದನೋ ಸೋತನೋ ಅನ್ನುವ ಕಾಲಂ ಅಲ್ಲಿ ಇರಲೇ ಇಲ್ಲ.

ನನ್ನ ಎದುರು ರೂಮಿನ ಜೂನಿಯರ್ ಒಬ್ಬ 2019ರ ಜನವರಿಯಲ್ಲಿ ನನ್ನ ಕೋಡ್‌ನಲ್ಲಿ ಸೇರಿದ್ದ. ಐಡಿ ನೋಡಿದ ತಕ್ಷಣ ಗೊತ್ತಾಗುತ್ತಿತ್ತು, ಊರಿನ ಹೆಸರಿನ ಮುಂದೆ ಬೈಕ್ ನಂಬರ್. ಒಂದು ತಿಂಗಳು ಡ್ಯಾಶ್‌ಬೋರ್ಡ್ ತೆರೆದು ಕೂತಿದ್ದಾಗಲೇ ಅವನು ಬಾಗಿಲಲ್ಲಿ ನಿಂತ. ಟವೆಲ್ ಹೆಗಲ ಮೇಲಿತ್ತು, ಸ್ನಾನಕ್ಕೆ ಹೊರಟಿದ್ದ. ‘ಅಣ್ಣ, ಮೆಸ್ ಬಿಲ್ ಕಟ್ಟಬೇಕು, ಎರಡು ಸಾವಿರ ಇದ್ಯಾ? ಒಂದನೇ ತಾರೀಕು ಕೊಡ್ತೀನಿ’ ಅಂದ. ನಾನು ಲ್ಯಾಪ್‌ಟಾಪ್ ಅರ್ಧ ಮುಚ್ಚಿ ಫೋನಲ್ಲೇ ಕಳಿಸಿದೆ. ‘ತುಂಬಾ ಥ್ಯಾಂಕ್ಸ್ ಅಣ್ಣ’ ಅಂತ ಹೋದ. ಮತ್ತೆ ಸ್ಕ್ರೀನ್ ಎತ್ತಿದೆ. ಆ ತಿಂಗಳು ಅವನು ಕಟ್ಟಿದ ರೇಕ್ 7,800. ನನ್ನ ಪಾಲು 2,340.

ಅವನ ದುಡ್ಡನ್ನೇ ಅವನಿಗೆ ಸಾಲ ಕೊಟ್ಟಿದ್ದೆ. ಅಷ್ಟಾದರೂ ಕೋಡ್ ನಿಲ್ಲಿಸಲಿಲ್ಲ. ಇನ್ನೂ ಮೂರು ವರ್ಷ ನಡೆಸಿದೆ.

ಮಲೆನಾಡ ಮಳೆ

ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ನನ್ನ ತಮ್ಮ ನಿಮ್ಮ ಜೂನಿಯರ್ ತರಹದವನೇ. ಓದಿನಲ್ಲಿ ಚುರುಕು. ಮನೆಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ, ಯಾಕಂದರೆ ಕುಡಿಯುತ್ತಿರಲಿಲ್ಲ, ಸಿಗರೇಟು ಇಲ್ಲ, ಹೊರಗೆ ಸುತ್ತುವುದೂ ಇಲ್ಲ. ರೂಮಿನಲ್ಲೇ ಇರುತ್ತಾನೆ ಅಂತ ಅಮ್ಮನಿಗೆ ಸಮಾಧಾನ. ಗೊತ್ತಾದದ್ದು ಲೋನ್ ಆಪ್‌ನವರು ಅಪ್ಪನ ನಂಬರಿಗೆ ಫೋನ್ ಮಾಡಿದಾಗ. ಐದು ಆಪ್‌ಗಳಲ್ಲಿ ಸಾಲ ಇತ್ತು. ಒಂದರ ಕಂತು ಕಟ್ಟಲು ಇನ್ನೊಂದರಲ್ಲಿ ತೆಗೆದಿದ್ದ. ಅಮ್ಮನ ಸರ ಅಡವಿಟ್ಟು ಬಿಡಿಸಿದೆವು.

ಬೈದು ಪ್ರಯೋಜನ ಆಗಲಿಲ್ಲ. ಫೋನ್ ಕಿತ್ತುಕೊಂಡರೆ ಗೆಳೆಯನ ಫೋನಲ್ಲಿ ಆಡಿದ. ಕೊನೆಗೆ ಬೆಂಗಳೂರಿಗೆ ಕರೆದುಕೊಂಡು ಹೋದೆವು. ನಿಮ್ಹಾನ್ಸ್‌ನಲ್ಲಿ ಶಟ್ ಕ್ಲಿನಿಕ್ ಅಂತ ಇದೆ, ಮೊಬೈಲು, ಗೇಮ್ ಚಟಕ್ಕೆ ಅಂತಲೇ 2014ರಲ್ಲಿ ಶುರು ಮಾಡಿದ್ದು. ಅಲ್ಲಿ ಅವನನ್ನು ಯಾರೂ ಕಳ್ಳನ ಹಾಗೆ ನೋಡಲಿಲ್ಲ. ‘ಸೋತ ತಕ್ಷಣ ಮೈಯಲ್ಲಿ ಏನಾಗುತ್ತೆ ಹೇಳು’ ಅಂತ ಕೇಳಿದರು. ಅವನು ಒಂದು ಗಂಟೆ ಮಾತಾಡಿದ. ಮನೆಯಲ್ಲಿ ಆ ಪ್ರಶ್ನೆಯನ್ನು ನಾವು ಯಾರೂ ಕೇಳಿರಲಿಲ್ಲ. ಮನೆಯಲ್ಲಿ ಇಂಥವರಿದ್ದರೆ ದಯವಿಟ್ಟು ಮುಚ್ಚಿಡಬೇಡಿ. ಸಾಲ ಎಷ್ಟಿದೆ ಅಂತ ಪೂರ್ತಿ ಬರೆಸಿಕೊಳ್ಳಿ, ಆಮೇಲೆ ಆಸ್ಪತ್ರೆಗೆ ಹೋಗಿ.

ನಿಮಗೊಂದು ಪ್ರಶ್ನೆ. ಕೋಪದಿಂದ ಕೇಳುತ್ತಿಲ್ಲ. ಆ ಜೂನಿಯರ್ ಈಗ ಎಲ್ಲಿದ್ದಾರೆ?

ಆರನೇ ಸೆಮ್

ಹೋದ ವಾರ ಪ್ರಶ್ನೆ ಕೇಳಿದವನು ನಾನೇ. ಪೂರ್ತಿ ಹೇಳಿರಲಿಲ್ಲ, ಈಗ ಹೇಳುತ್ತೇನೆ. ಬ್ಯಾನ್ ಆದಮೇಲೂ ಟೆಲಿಗ್ರಾಂನಲ್ಲಿ ಒಬ್ಬರು ಕ್ಲಬ್ ನಡೆಸುತ್ತಿದ್ದಾರೆ. ಆಪ್ ಹೊರದೇಶದ್ದು. ಅದರಲ್ಲಿ ದುಡ್ಡು ಇಲ್ಲ, ಬರೀ ಚಿಪ್ಸ್. ದುಡ್ಡನ್ನು ಅವರು ಹೇಳಿದ ಯುಪಿಐಗೆ ಕಳಿಸಬೇಕು. ನನಗೆ ಏಜೆಂಟ್ ಆಗು ಅಂತ ಹೇಳಿದ್ದಾರೆ. ನನ್ನ ಕೆಳಗೆ ಸೇರಿದವರ ರೇಕ್‌ನಲ್ಲಿ 100ಕ್ಕೆ 40. ಜೊತೆಗೆ ಆಡಲು 20,000 ಸ್ಟೇಕ್. ಹುಡುಗರ ದುಡ್ಡು ನನ್ನ ಅಕೌಂಟಿಗೆ ಬಂದು ಅಲ್ಲಿಂದ ಅವರಿಗೆ ಹೋಗಬೇಕಂತೆ. ಅಪ್ಪ ಕೆಎಸ್‌ಆರ್‌ಟಿಸಿ ಕಂಡಕ್ಟರ್, ಮುಂದಿನ ವರ್ಷದ ಫೀಸ್ ನಾನೇ ಕಟ್ಟಿದರೆ ಅವರಿಗೆ ಹಗುರ ಆಗುತ್ತೆ ಅಂತ ಯೋಚನೆ. ಆಡುವವರಿಗೆ ಶಿಕ್ಷೆ ಇಲ್ಲ ಅಂತಾರೆ, ನಿಜಾನಾ?

ಲೆಕ್ಕಪತ್ರ

ನಾನು ಸಿಎ. ತಮ್ಮಾ, ಇದನ್ನು ನಿಧಾನವಾಗಿ ಓದು.

2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸುತ್ತದೆ. ಸ್ಕಿಲ್ಲೋ ಅದೃಷ್ಟವೋ ಅನ್ನುವ ಭೇದ ಅಲ್ಲಿ ಇಲ್ಲ. ಆಡುವವನಿಗೆ ಶಿಕ್ಷೆ ಇಟ್ಟಿಲ್ಲ ಅನ್ನುವುದು ನಿಜ. ಆದರೆ ನೀನು ಹೇಳುತ್ತಿರುವ ಕೆಲಸ ಆಡುವುದಲ್ಲ. ಆಟ ಒದಗಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಹಣದ ವಹಿವಾಟು ನಡೆಸಿಕೊಡುವವರಿಗೂ ಅಷ್ಟೇ. ಜಾಹೀರಾತು ಮಾಡಿದವರಿಗೆ 2 ವರ್ಷ, 50 ಲಕ್ಷದವರೆಗೆ. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್‌ಗೆ ಹೋಗಿವೆ. ಅದನ್ನು ನೋಡಿಕೊಂಡು ನೀನು ರಿಸ್ಕ್ ತೆಗೆದುಕೊಳ್ಳಬೇಡ.

ಅದಕ್ಕಿಂತ ಹತ್ತಿರದ ಅಪಾಯ ನಿನ್ನ ಬ್ಯಾಂಕ್ ಅಕೌಂಟ್. ಗುರುತಿಲ್ಲದ ಹತ್ತು ಜನರಿಂದ ಬಂದ ದುಡ್ಡಲ್ಲಿ ಒಬ್ಬರದು ಸೈಬರ್ ವಂಚನೆಯದ್ದಾದರೂ ಸಾಕು, ಯಾವುದೋ ರಾಜ್ಯದ ಪೊಲೀಸರ ಪತ್ರ ಬಂದು ಅಕೌಂಟ್ ಫ್ರೀಜ್ ಆಗುತ್ತದೆ. ಸ್ಕಾಲರ್‌ಶಿಪ್ ಬರುವುದೂ ಅದೇ ಅಕೌಂಟಿಗೆ ಅಲ್ವಾ? ನನ್ನ ಹತ್ತಿರ ಬಂದ ಒಬ್ಬ ಹುಡುಗನಿಗೆ ಫ್ರೀಜ್ ಬಿಡಿಸಲು ಏಳು ತಿಂಗಳು ಬೇಕಾಯಿತು.

ಅರಸೀಕೆರೆಯವರಿಗೆ ಒಂದು ಮಾತು. ಕಮಿಷನ್ ಹಣ ಬಿಸಿನೆಸ್ ಆದಾಯ, ಗೆದ್ದ ಹಣದ ಲೆಕ್ಕವೇ ಬೇರೆ. 2023ರ ಏಪ್ರಿಲ್‌ನಿಂದ ಆನ್‌ಲೈನ್ ಆಟದ ನಿವ್ವಳ ಗೆಲುವಿನ ಮೇಲೆ 100ಕ್ಕೆ 30 ಟಿಡಿಎಸ್. ಒಂದು ವರ್ಷ ಸೋತದ್ದನ್ನು ಮುಂದಿನ ವರ್ಷದ ಗೆಲುವಿನಲ್ಲಿ ಕಳೆಯಲು ಬರುವುದಿಲ್ಲ. ಹಳೆಯ ವರ್ಷಗಳ ರಿಟರ್ನ್ಸ್‌ನಲ್ಲಿ ಇದು ಸರಿಯಾಗಿದೆಯಾ ನೋಡಿಕೊಳ್ಳಿ.

ಅರಸೀಕೆರೆ ಪ್ಯಾಸೆಂಜರ್

ರಿಟರ್ನ್ಸ್ ಎಲ್ಲ ಕಟ್ಟಿದ್ದೇನೆ ಸರ್. 2019-20ರದ್ದು ಮಾತ್ರ ಆಮೇಲೆ ಸರಿಪಡಿಸಬೇಕಾಯಿತು.

ತಮ್ಮಾ, ಕಾನೂನಿನ ಮಾತು ಸರ್ ಹೇಳಿದ್ದಾರೆ. ಕಾನೂನು ಬದಲಾಗುತ್ತಿರುತ್ತೆ, ಅದನ್ನು ನಾನೇ ನೋಡಿದ್ದೇನೆ. 2021ರ ಅಕ್ಟೋಬರ್ 5ಕ್ಕೆ ದುಡ್ಡಿನ ಆನ್‌ಲೈನ್ ಆಟ ನಿಷೇಧಿಸುವ ಕರ್ನಾಟಕದ ತಿದ್ದುಪಡಿ ಕಾಯ್ದೆ ಬಂದಾಗ ಬೆಂಗಳೂರಿನಲ್ಲಿ ಆಪ್ ತೆರೆಯುತ್ತಿರಲಿಲ್ಲ. ಭಾನುವಾರದ ಟೂರ್ನಮೆಂಟ್ ಆಡಲು ಅತ್ತಿಬೆಲೆ ದಾಟಿ ಹೊಸೂರಿಗೆ ಹೋಗುತ್ತಿದ್ದೆವು. ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜ್, ಮೂರು ಜನಕ್ಕೆ ಒಂದು ರೂಮ್, ಒಂದೇ ಪ್ಲಗ್ ಪಾಯಿಂಟ್. ಮಂಚದ ಮೇಲೆ ಎಕ್ಸ್‌ಟೆನ್ಷನ್ ಬಾಕ್ಸ್ ಇಟ್ಟುಕೊಂಡು ಬೆಳಗಿನ 4 ಗಂಟೆವರೆಗೆ ಆಡುತ್ತಿದ್ದೆವು. 2022ರ ಫೆಬ್ರವರಿ 14ಕ್ಕೆ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಅದೇ ವರ್ಷ ನನಗೆ ಕಂಪನಿಯಲ್ಲಿ ಕೆಲಸ ಸಿಕ್ಕಿತು. 2023ರ ಅಕ್ಟೋಬರ್‌ನಿಂದ ಡಿಪಾಸಿಟ್ ಮೇಲೆ 28 ಪರ್ಸೆಂಟ್ ಜಿಎಸ್‌ಟಿ ಬಂತು. 2025ರ ಆಗಸ್ಟ್‌ನಲ್ಲಿ ಒಂದು ಶುಕ್ರವಾರ ಲ್ಯಾಪ್‌ಟಾಪ್ ವಾಪಸ್ ಕೊಟ್ಟು ಮನೆಗೆ ಬಂದೆ. ಐದು ವರ್ಷದ ರೆಸ್ಯೂಮೆಯಲ್ಲಿ ಪೋಕರ್ ಬಿಟ್ಟು ಬೇರೆ ಏನೂ ಇರಲಿಲ್ಲ. ಈಗ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಡೇಟಾ ಕೆಲಸಕ್ಕೆ ಸೇರಿದ್ದೇನೆ, ನನಗಿಂತ ನಾಲ್ಕು ವರ್ಷ ಚಿಕ್ಕವರ ಜೊತೆ.

ನೀನು ಆಡಬೇಡ ಅಂತ ನಾನು ಹೇಳಿದರೆ ನೀನು ನಂಬಬೇಕಿಲ್ಲ. ಆಟ ನನಗೆ ತುಂಬಾ ಕೊಟ್ಟಿದೆ. ತಾಳ್ಮೆ, ಲೆಕ್ಕ, ಸೋತಾಗ ಸುಮ್ಮನೆ ಎದ್ದು ಹೋಗುವುದು. ಆದರೆ ಏಜೆಂಟ್ ಕೆಲಸ ಬೇಡ. 100ಕ್ಕೆ 40 ಅಂದರೆ ಏನು ಗೊತ್ತಾ? ನಿನ್ನ ರೂಮ್‌ಮೇಟ್ ಎಷ್ಟು ಹೊತ್ತು ನಿದ್ದೆಗೆಡುತ್ತಾನೋ ಅಷ್ಟು ನಿನಗೆ ದುಡ್ಡು. ಫೀಸ್ ವಿಷಯಕ್ಕೆ ನನಗೆ ಮೆಸೇಜ್ ಹಾಕು. ಸ್ಕಾಲರ್‌ಶಿಪ್ ಅರ್ಜಿ ತುಂಬಲು ಕೂರೋಣ, ಟ್ಯೂಷನ್ ಹೇಳುವ ಕೆಲಸ ಬೇಕಿದ್ದರೆ ನನಗೆ ಗೊತ್ತಿರುವವರು ಇದ್ದಾರೆ.

ಮಲೆನಾಡ ಮಳೆ ಅಕ್ಕಾ, ನಿಮ್ಮ ಪ್ರಶ್ನೆಗೆ ಉತ್ತರ.

ಅವನು 2020ರಲ್ಲಿ ಕಾಲೇಜು ಬಿಟ್ಟ. ಲಾಕ್‌ಡೌನ್‌ಗೆ ಊರಿಗೆ ಹೋದವನು ವಾಪಸ್ ಬರಲಿಲ್ಲ. ಕೊರೊನಾ ಅಂತ ಎಲ್ಲರೂ ಅಂದುಕೊಂಡರು. ನನಗೆ ಗೊತ್ತಿತ್ತು. ಆದರೂ ಐದು ವರ್ಷ ಫೋನ್ ಮಾಡಲಿಲ್ಲ. ಕೆಲಸ ಹೋದಮೇಲೆ, ಹೋದ ಅಕ್ಟೋಬರ್‌ನಲ್ಲಿ, ಬಸ್ ಹತ್ತಿ ಅವನ ಊರಿಗೆ ಹೋದೆ. ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ನೋಡಿದ ತಕ್ಷಣ ‘ಅಣ್ಣಾ’ ಅಂತ ಎದ್ದು ನಿಂತ, ಸ್ಟೂಲ್ ಒರೆಸಿ ಕೊಟ್ಟ, ಟೀ ತರಿಸಿದ.

ಹಳೆಯ ಡ್ಯಾಶ್‌ಬೋರ್ಡ್‌ನ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಅವನು ತನ್ನ ಹಳೆಯ ಪಾಸ್‌ಬುಕ್ ತೆಗೆದ. ಇಬ್ಬರೂ ಕೌಂಟರ್ ಮೇಲೆ ಇಟ್ಟು ಕೂಡಿದೆವು. 14 ತಿಂಗಳಲ್ಲಿ ಅವನು ಕಳೆದದ್ದು 2.3 ಲಕ್ಷ. ಅದರಲ್ಲಿ 1.04 ಲಕ್ಷ ರೇಕ್. ಉಳಿದದ್ದು ಬೇರೆ ಆಟಗಾರರಿಗೆ. ರೇಕ್‌ನಲ್ಲಿ ನನಗೆ ಬಂದದ್ದು 31,200. ಆ 31,200 ಕವರ್‌ನಲ್ಲಿ ಹಾಕಿಕೊಂಡು ಹೋಗಿದ್ದೆ. ಮುಂದಿಟ್ಟೆ.

ಅವನು ಕವರ್ ಮುಟ್ಟಲಿಲ್ಲ. ಹಾಳೆಯನ್ನೇ ನೋಡುತ್ತಾ ಕೂತಿದ್ದ. ಆಮೇಲೆ ಕೇಳಿದ: ‘ಅಣ್ಣ, ನಿನಗೆ ಇಷ್ಟೇ ಬಂದಿದ್ದಾ?’

ಏನೂ ಹೇಳಲು ಆಗಲಿಲ್ಲ. ಅಷ್ಟರಲ್ಲಿ ಗಿರಾಕಿ ಬಂದರು, ಡಿಸ್‌ಪ್ಲೇ ಒಡೆದ ಫೋನ್. ಅವನು ಎದ್ದು ಕೆಲಸಕ್ಕೆ ಕೂತ. ಸಂಜೆ ಬಸ್ ಹತ್ತುವಾಗ ಕವರ್ ತೆಗೆದುಕೊಂಡ, ಹಳೆಯ ಎರಡು ಸಾವಿರ ಎಣಿಸಿ ನನಗೆ ವಾಪಸ್ ಕೊಟ್ಟ. ಬೇಡ ಅಂದರೂ ಕೇಳಲಿಲ್ಲ.

ಆರನೇ ಸೆಮ್

ಅಣ್ಣ, ನಿಮಗೆ ಮೆಸೇಜ್ ಹಾಕಿದ್ದೇನೆ. ಒಂದು ವಿಷಯ ಹೇಳಿರಲಿಲ್ಲ. ಏಜೆಂಟ್ ಆಗುವುದಕ್ಕೆ ಹೂಂ ಅಂದು ಹತ್ತು ದಿನ ಆಗಿದೆ. ನನ್ನ ಕೋಡ್‌ನಲ್ಲಿ ಇಬ್ಬರು ಸೇರಿದ್ದಾರೆ. ಒಬ್ಬ ನನ್ನ ರೂಮ್‌ಮೇಟ್. ಈಗ ಮೆಸ್‌ಗೆ ಊಟಕ್ಕೆ ಹೋಗಿದ್ದಾನೆ. ಬಂದ ಮೇಲೆ ಅವನಿಗೆ ಇದನ್ನು ತೋರಿಸುತ್ತೇನೆ.